ತಪ್ಪೇ ಒಪ್ಪದವರ ಜೊತೆ ಏಗುವುದು

ಮನೆಯಲ್ಲೊಬ್ಬರ ದರ್ಪ ತಡೆಯಲಾಗುತ್ತಿಲ್ಲ ಎನ್ನುವವರಿಗೆ ಮನೋವೈದ್ಯರು ಮೊದಲು ಕೇಳುವುದು, ಇದು ಯಾವಾಗಿನಿಂದ ಎಂದು. ಹರೆಯದಿಂದಲೂ ಹೀಗೇ, ಮನೆಯಲ್ಲೂ ಹೀಗೇ, ಕೆಲಸದ ಜಾಗದಲ್ಲೂ ಹೀಗೇ ಎಂದರೆ ಅದು ಸ್ವಭಾವ. ವರ್ಷಗಟ್ಟಲೆ ತಣ್ಣಗಿದ್ದವರು ವಾರ ಹತ್ತು ದಿನದಿಂದ ನಿದ್ದೆಯಿಲ್ಲದೆ ಓಡಾಡುತ್ತ, ಸಿಕ್ಕವರಿಗೆಲ್ಲ ದುಡ್ಡು ಹಂಚುತ್ತ, ‘ಈ ಸಲ ಎಂಎಲ್‌ಎ ಟಿಕೆಟ್ ನನಗೇ’ ಎನ್ನತೊಡಗಿದರೆ ಅದು ಮೇನಿಯಾ, ಅಂದರೆ ಮನಸ್ಸು ವಿಪರೀತ ಉಬ್ಬಿ ಹತೋಟಿ ತಪ್ಪುವ ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಔಷಧಿ ಇದೆ, ತಡಮಾಡಬೇಡಿ. ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ನಾಚಿಕೆ, ಕರುಣೆ ಎರಡೂ ಹೋದಂತೆ ಕಂಡರೆ ಮಿದುಳಿನ ಕಾಯಿಲೆಯನ್ನೂ ತಪಾಸಣೆ ಮಾಡಿಸಬೇಕು. ಕುಡಿತವಿದ್ದರೆ ಅದರ ಪಾಲೆಷ್ಟು ಎಂದು ಮೊದಲು ನೋಡಬೇಕು.

ತಾನೇ ಹೆಚ್ಚು ಎಂಬ ಭಾವ, ಮೆಚ್ಚುಗೆಯ ಹಸಿವು, ಪರರ ನೋವು ತಟ್ಟದಿರುವುದು ಸ್ವಭಾವವೇ ಆಗಿ ಅತಿಯಾದರೆ ಅದಕ್ಕೆ ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂಗೆ ಸೇರಿದ್ದು 1980ರಲ್ಲಿ. ಅದರ ಪಟ್ಟಿಯಲ್ಲಿ 9 ಲಕ್ಷಣಗಳಿವೆ, ರೋಗ ಎನ್ನಲು ಕನಿಷ್ಠ 5 ಇರಬೇಕು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಈ ಹೆಸರನ್ನೇ ಬಿಟ್ಟು, ವ್ಯಕ್ತಿತ್ವದ ತೊಂದರೆ ಎಷ್ಟು ತೀವ್ರ ಎಂದು ಮುಖ್ಯವಾಗಿ ಅಳೆಯುತ್ತದೆ. ಮನೆಯವರಿಗೆ ಈ ಲೆಕ್ಕ ಬೇಕಿಲ್ಲ. ರೀಲ್ಸ್ ನೋಡಿ ಕಲಿತ ಪದವನ್ನು ಅವರ ಮುಖಕ್ಕೆ ಎಸೆದರೆ ನಾಳೆ ಅದೇ ಪದ ನಿಮ್ಮ ಮೇಲೆ ತಿರುಗಿ ಬರುತ್ತದೆ, ಅಷ್ಟೇ.

ತಿಳಿಯಬೇಕಾದದ್ದು ಒಳಗಿನ ಕೀಲು. ತನ್ನ ಬೆಲೆಯ ಬಗ್ಗೆ ಇವರಲ್ಲಿ ಹಲವರಿಗೆ ಒಳಗೆ ಭರವಸೆ ಕಡಿಮೆ. ಹೊರಗಿನವರ ಮೆಚ್ಚುಗೆಯಿಂದಲೇ ಅದನ್ನು ನಿಲ್ಲಿಸಿಕೊಂಡಿರಬೇಕು. ಹಾಗಾಗಿ ನೀವು ತಿದ್ದಿದ್ದು ಚಿಕ್ಕ ತಪ್ಪಾದರೂ ಅವರಿಗೆ ಅದು ನಾಲ್ಕು ಜನರ ಎದುರು ಆದ ಅವಮಾನ. ಅದರಿಂದ ಪಾರಾಗಲು ‘ನಾನು ಹಾಗೆ ಹೇಳೇ ಇಲ್ಲ’ ಎನ್ನುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ, ಇಲ್ಲವೇ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ಎಲ್ಲರೂ ಎದೆಯುಬ್ಬಿಸಿಯೇ ಬರುವುದಿಲ್ಲ. ‘ಈ ಮನೆಗೆ ಇಷ್ಟು ದುಡಿದೆ, ಒಂದು ಲೋಟ ಕಾಫಿಗೂ ಗತಿಯಿಲ್ಲ’ ಎಂದು ಉಣ್ಣದೆ ಮಲಗುವವರಲ್ಲೂ ಇದೇ ಕೀಲು ಇರಬಹುದು. ಇವರನ್ನು ಗುರುತಿಸುವುದು ಕಷ್ಟ. ಎದುರಿಗಿರುವವರು ಪಾಪಪ್ರಜ್ಞೆಯಿಂದ ಕ್ಷಮೆ ಕೇಳುತ್ತಲೇ ಇರುತ್ತಾರೆ.

ಆದ್ದರಿಂದ, ಅವರಿಗೆ ಅರ್ಥ ಮಾಡಿಸುವ ಕೆಲಸ ಬಿಡಿ. ಅದಕ್ಕೆ ಹಾಕುವ ಶ್ರಮವನ್ನು ಮಾತಿನ ಅಳತೆ, ಕಾಗದ, ದುಡ್ಡು ಇವುಗಳ ಕಡೆ ತಿರುಗಿಸಿ.

ಮಂಡ್ಯ ಕಡೆಯ ಒಂದು ಜಂಟಿ ಜಮೀನು ಎಂದಿಟ್ಟುಕೊಳ್ಳಿ. ಕಬ್ಬಿನ ದುಡ್ಡು ಅಣ್ಣನ ಖಾತೆಗೆ ಬೀಳುತ್ತದೆ. ತಮ್ಮ ಲೆಕ್ಕ ಕೇಳುತ್ತಾನೆ. ಅಣ್ಣ, ‘ಅಪ್ಪ ಸತ್ತಾಗ ನಿನ್ನ ಸಾಕಿದ್ದು ಯಾರ್ಲಾ?’ ಎನ್ನುತ್ತಾನೆ. ತಮ್ಮ ತಾನು ಮಾಡಿದ್ದನ್ನೆಲ್ಲ ಎಣಿಸತೊಡಗುತ್ತಾನೆ. ಅರ್ಧ ಗಂಟೆಯಲ್ಲಿ ಇಬ್ಬರೂ ಕೂಗಾಡುತ್ತಿರುತ್ತಾರೆ, ಲೆಕ್ಕದ ಮಾತು ಮರೆತೇ ಹೋಗಿರುತ್ತದೆ. ತಮ್ಮ ಜಾರಿದ್ದು ಸಮಜಾಯಿಷಿ ಕೊಡಲು ಹೊರಟ ಕ್ಷಣದಲ್ಲಿ. ಬದಲಿಗೆ ಒಂದೇ ಮಾತು ಸಾಕು: ‘ಸಾಕಿದ್ದು ನೀನೇ ಕಣಣ್ಣ, ಇಲ್ಲ ಅನ್ನಲ್ಲ. ಫ್ಯಾಕ್ಟರಿ ಬಿಲ್ ನೋಡಿ ಸಹಿ ಹಾಕ್ತೀನಿ.’ ಮತ್ತೆ ಕೆಣಕಿದರೂ ಅದೇ ಮಾತು, ಅದೇ ದನಿ. ಮೂರನೇ ಸಲವಾದ ಮೇಲೆ ‘ಡೈರಿಗೆ ಹಾಲು ಹಾಕ್ಬೇಕು’ ಎಂದು ಎದ್ದುಬಿಡಿ.

ಇಲ್ಲಿ ಹೆಚ್ಚಿನವರು ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿಸುತ್ತಾರೆ. ಇಂಥವರ ವಿಷಯದಲ್ಲಿ ಅದು ಕೈಕೊಡುವುದೇ ಹೆಚ್ಚು. ನೋಡುವವರಿದ್ದರೆ ಅವರ ಮಾತು ಇನ್ನೂ ರಂಗೇರುತ್ತದೆ, ನೀವು ತಡವರಿಸುತ್ತೀರಿ. ಮಾಡಲೇಬೇಕೆಂದರೆ ವಿಷಯ ಒಂದೇ ಇರಲಿ, ‘ಈ ಸಾಲಿನ ಬಿಲ್ಲು’ ಎಂಬಷ್ಟು ಚಿಕ್ಕದಿರಲಿ, ಕೈಯಲ್ಲಿ ಕಾಗದವಿರಲಿ. ಪಹಣಿಯನ್ನು ಆಗಾಗ ತೆಗೆಸಿ ನೋಡಿ. ಬರಿ ಹಾಳೆಗೆ ಸಹಿ ಬೇಡ. ಗೌರಿ ಹಬ್ಬದ ಬಾಗಿನದ ಜೊತೆಗೇ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಹೆಣ್ಣುಮಕ್ಕಳು ‘ಓದಿಸಿ ನೋಡ್ತೀನಿ ಅಣ್ಣ’ ಎಂದು ಹೇಳಿ, ವಕೀಲರಿಗೆ ತೋರಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ.

ಗೆರೆ ಎಳೆಯುವುದರಲ್ಲಿ ಆಗುವ ತಪ್ಪು ಒಂದಿದೆ. ‘ನನ್ನ ಮೇಲೆ ಕೂಗಬೇಡಿ’ ಎಂಬುದು ಬರೀ ಕೋರಿಕೆ, ನಡೆಸಿಕೊಡುವುದು ಅವರ ಕೈಯಲ್ಲಿದೆ. ‘ಕೂಗಿದ್ರೆ ನಾನು ಆಚೆ ಹೋಗ್ತೀನಿ ಅತ್ತೆ, ಅರ್ಧ ಗಂಟೆ ಬಿಟ್ಟು ಬರ್ತೀನಿ’ ಎಂಬುದು ಗೆರೆ, ನಡೆಸುವುದು ನೀವು. ನಿಭಾಯಿಸಲಾಗದ ಗೆರೆ ಎಳೆಯಲೇಬೇಡಿ. ಮೂರು ಸಲ ಬಿಗಿ ಹಿಡಿದು ನಾಲ್ಕನೇ ಸಲ ಸಡಿಲ ಬಿಟ್ಟರೆ, ನಾಲ್ಕು ಸಲ ಕೂಗಿದರೆ ಕೆಲಸವಾಗುತ್ತದೆ ಎಂದು ನೀವೇ ಕಲಿಸಿದ ಹಾಗೆ. ಗೆರೆ ಎಳೆದ ಹೊಸದರಲ್ಲಿ ಕೂಗು ಹೆಚ್ಚೇ ಆಗುತ್ತದೆ. ನಾದಿನಿ, ದೊಡ್ಡಮ್ಮ, ಪಕ್ಕದ ಮನೆಯವರು ರಾಯಭಾರಕ್ಕೆ ಬರುತ್ತಾರೆ, ನಡುವೆ ಇದ್ದಕ್ಕಿದ್ದಂತೆ ಒಂದು ಮೈಸೂರು ಪಾಕಿನ ಡಬ್ಬವೂ ಬರುತ್ತದೆ. ಜನ ವರ್ಷಗಟ್ಟಲೆ ಕಾದು ಕೂರುವುದು ಆಗೊಮ್ಮೆ ಈಗೊಮ್ಮೆ ಬರುವ ಆ ಡಬ್ಬಕ್ಕೇ. ತಿನ್ನಿ, ಗೆರೆ ಮಾತ್ರ ಅಲ್ಲೇ ಇರಲಿ.

ಮೈಸೂರಿನ ಹೆಬ್ಬಾಳದಲ್ಲೋ ಹೂಟಗಳ್ಳಿಯಲ್ಲೋ ಕೆಲಸ ಮಾಡುವವರಿಗೆ ಮ್ಯಾನೇಜರ್ ಇಂಥವರಾದರೆ ಬಾಯಿಮಾತಿನ ಆದೇಶವನ್ನು ಅಂದೇ ಮೇಲ್‌ಗೆ ಇಳಿಸಿ: ‘ಇವತ್ತು ಮಾತಾಡಿದಂತೆ ಶುಕ್ರವಾರದೊಳಗೆ ಇದನ್ನು ಕೊಡುತ್ತೇನೆ.’ ಮನೆಯಲ್ಲೂ ದಿನಾಂಕ, ಆಡಿದ ಮಾತು, ಜೊತೆಗಿದ್ದವರು, ಇಷ್ಟನ್ನು ಬರೆದಿಡಿ, ಬೈಗುಳ ಬೇಡ. ‘ನನಗೇ ಮರೆವೇನೋ’ ಎಂಬ ಅನುಮಾನ ಬಂದಾಗ ತೆರೆದು ನೋಡಬಹುದು. ಮನೆಯವರೆಲ್ಲ ಮುಟ್ಟುವ ಫೋನಿನಲ್ಲಿ ಮಾತ್ರ ಇಡಬೇಡಿ.

ಕೈ ಮಾಡುವವರ ಎದುರು, ಕೊಲ್ಲುವ ಬೆದರಿಕೆ ಹಾಕುವವರ ಎದುರು ಮೇಲಿನ ಯಾವ ಉಪಾಯವೂ ಬೇಡ. ಬಿಟ್ಟು ಹೋಗುವ ಹೊತ್ತೇ ಹೆಚ್ಚು ಅಪಾಯದ್ದು, ಮುಂಚಿತವಾಗಿ ಹೇಳಿ ಹೊರಡಬೇಡಿ. ಆಧಾರ್, ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆಗಳನ್ನು ನಂಬಿಕಸ್ಥರ ಮನೆಗೆ ಮೊದಲೇ ಸೇರಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ, 2005 ಮಾತಿನ ಹಿಂಸೆ, ದುಡ್ಡಿನ ಹಿಂಸೆ ಎರಡನ್ನೂ ಒಳಗೊಂಡಿದೆ.

ಈ ಸ್ವಭಾವಕ್ಕೆಂದೇ ಇರುವ ಮಾತ್ರೆ ಯಾವುದೂ ಇಲ್ಲ. ಊಟದಲ್ಲಿ ಕದ್ದು ಬೆರೆಸಲು ಏನಾದರೂ ಕೊಡಿ ಎಂದು ಕೇಳುವವರಿದ್ದಾರೆ, ಅದು ಅಪಾಯ. ಮಾತಿನ ಚಿಕಿತ್ಸೆಯಿಂದ ಬದಲಾಗುವವರುಂಟು, ಅದಕ್ಕೆ ಅವರೇ ಬರಬೇಕು, ವರ್ಷಗಳು ಬೇಕು. ನೀವು ಅಷ್ಟರವರೆಗೆ ಕಾಯಬೇಕಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್ ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರ ಮುಂದೆ ಗಂಡ ಹೆಂಡತಿ ಒಟ್ಟಿಗೆ ಕೂರುವ ಮೊದಲು ನಿಮ್ಮೊಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡಲು ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಅವರ ಕತೆಗಿಂತ ಮೊದಲು ನಿಮ್ಮ ನಿದ್ದೆ, ಹಸಿವು, ಅಳು, ಸಾಯಬೇಕೆನ್ನಿಸುತ್ತಿದ್ದರೆ ಅದನ್ನೂ ಹೇಳಿ.