ಮಿದುಳಿನಲ್ಲಿ ಹೆಪ್ಪುಗಟ್ಟುವ ಪ್ರೋಟೀನು

ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಶುದ್ಧಗೊಳಿಸಿ, ಅದರ ತಿಳಿ ದ್ರಾವಣಕ್ಕೆ ಥಯೋಫ್ಲೇವಿನ್ ಟಿ ಎಂಬ ಬಣ್ಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಮೊದಮೊದಲು ಏನೂ ಆಗುವುದಿಲ್ಲ. ಬೆಳಕನ್ನು ಅಳೆಯುವ ಯಂತ್ರದ ಪರದೆಯಲ್ಲಿ ಗೆರೆ ತಳದಲ್ಲೇ ಮಲಗಿರುತ್ತದೆ. ಆಮೇಲೆ ಯಾವಾಗಲೋ ಸರ್ರನೆ ಮೇಲೇರುತ್ತದೆ. ಆ ಬಣ್ಣ ಅಮಿಲಾಯ್ಡ್ ಎಳೆಗಳಿಗೆ ಅಂಟಿಕೊಂಡಾಗಷ್ಟೇ ಪ್ರಖರವಾಗಿ ಹೊಳೆಯುತ್ತದೆ. ಬಿಡಿಬಿಡಿಯಾಗಿದ್ದ ಅಣುಗಳು ಎಳೆಗಳಾಗಿವೆ ಎಂದರ್ಥ. ಸಿದ್ಧ ಎಳೆಯ ಒಂದಿಷ್ಟು ಚೂರುಗಳನ್ನು ಮೊದಲೇ ಹಾಕಿಟ್ಟರೆ ಕಾಯುವ ಹೊತ್ತು ಬಹುತೇಕ ಇಲ್ಲವಾಗುತ್ತದೆ.

ಹಾಲಿಗೆ ಹೆಪ್ಪು ಹಾಕಿದಂತೆ ಇದು. ಆದರೆ ಹೆಪ್ಪಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಇಲ್ಲಿ ಜೀವವೂ ಇಲ್ಲ, ಡಿಎನ್‌ಎಯೂ ಇಲ್ಲ. ಒಂದು ಅಣುವಿನಿಂದ ಮತ್ತೊಂದಕ್ಕೆ ದಾಟುವುದು ಮಡಿಕೆಯ ಆಕಾರ ಮಾತ್ರ, ಅಂದರೆ ಪ್ರೋಟೀನಿನ ಸರಪಳಿ ಮಡಚಿಕೊಂಡಿರುವ ಬಗೆ. ಮರೆವಿನ ಕಾಯಿಲೆಯಾದ ಆಲ್ಝೈಮರ್‌ನಲ್ಲಿ ನರಕೋಶಗಳ ಹೊರಗೆ ಬೀಟಾ ಅಮಿಲಾಯ್ಡ್, ಒಳಗೆ ಟೌ ಪ್ರೋಟೀನು ಹೀಗೆ ಕಟ್ಟಿಕೊಳ್ಳುತ್ತವೆ. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು.

ಪ್ರೋಟೀನು ಗಂಟುಕಟ್ಟುತ್ತದೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಅಸ್ತವ್ಯಸ್ತ ಮುದ್ದೆ. ನಿಜ ಅದಕ್ಕೆ ತದ್ವಿರುದ್ಧ. ಅಮಿಲಾಯ್ಡ್ ಎಳೆಯಲ್ಲಿ ಪ್ರತಿ ಅಣುವೂ ಚಪ್ಪಟೆಯಾಗಿ, ಒಂದರ ಮೇಲೊಂದು ಕರಾರುವಾಕ್ಕಾಗಿ ಪೇರಿಕೊಂಡಿರುತ್ತದೆ. ಎರಡು ಪದರಗಳ ನಡುವಿನ ಅಂತರ ಸುಮಾರು 0.48 ನ್ಯಾನೋಮೀಟರ್. ಒಂದು ಮೈಕ್ರೋಮೀಟರ್ ಉದ್ದದ ಎಳೆಯಲ್ಲಿ ಇಂಥ 2,000ಕ್ಕೂ ಹೆಚ್ಚು ಪದರಗಳು. ಪದರಕ್ಕೆ ಪದರವನ್ನು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ. ಪ್ರೋಟೀನಿನ ಕೊಂಡಿಗಳಾದ ಅಮೈನೋ ಆಮ್ಲಗಳ ಕವಲುಗಳು ಒಂದರ ಸಂದಿನಲ್ಲಿ ಇನ್ನೊಂದು ಸಿಕ್ಕಿಕೊಂಡು ನಡುವಿನ ನೀರನ್ನೂ ಹೊರದಬ್ಬುತ್ತವೆ. ತುದಿಗೆ ಬಂದು ತಗುಲಿದ ಹೊಸ ಅಣುವೂ ಅದೇ ಭಂಗಿಗೆ ಮಡಚಿಕೊಳ್ಳುತ್ತದೆ, ಮುಂದಿನದಕ್ಕೆ ಅಚ್ಚಾಗುತ್ತದೆ. ಕೋಶಕ್ಕೆ ಇದನ್ನು ಒಡೆದುಹಾಕುವುದು ಅಷ್ಟು ಕಷ್ಟವಾಗುವುದು ಈ ಅಚ್ಚುಕಟ್ಟಿನಿಂದಲೇ.

ಈ ಸಾಮರ್ಥ್ಯ ಕೆಲವು ಕೆಟ್ಟ ಪ್ರೋಟೀನುಗಳಿಗೆ ಮಾತ್ರ ಇದೆ ಎಂದು ಬಹುಕಾಲ ಭಾವಿಸಲಾಗಿತ್ತು. ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಡಾಬ್ಸನ್ ಮತ್ತು ಸಂಗಡಿಗರು ಯಾವ ಕಾಯಿಲೆಗೂ ಸಂಬಂಧವಿಲ್ಲದ ಪ್ರೋಟೀನು ಕೂಡ ಎಳೆಗಟ್ಟುವುದನ್ನು 1998ರಲ್ಲಿ ತೋರಿಸಿದರು. 2001ರಲ್ಲಿ ಮಯೋಗ್ಲೋಬಿನ್ನಿನ ಸರದಿ. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ, ಪೂರ್ತಿ ಸುರುಳಿಗಳಿಂದಲೇ ಆದ ಈ ಪ್ರೋಟೀನೂ ತಕ್ಕ ಪರಿಸ್ಥಿತಿಯಲ್ಲಿ ಬಿಚ್ಚಿಕೊಂಡು ಅಮಿಲಾಯ್ಡ್ ಆಯಿತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ. ಅಮಿಲಾಯ್ಡ್ ರೂಪ ಪ್ರೋಟೀನು ಎಂಬ ವಸ್ತುವಿನಲ್ಲೇ ಅಡಗಿದೆ. ಮಡಿಕೆ ಸರಿಪಡಿಸುವ ಸಹಾಯಕ ಪ್ರೋಟೀನುಗಳು, ಕೆಟ್ಟದ್ದನ್ನು ಕತ್ತರಿಸಿ ಹಾಕುವ ವ್ಯವಸ್ಥೆಗಳು ನಮ್ಮ ಕೋಶಗಳಲ್ಲಿ ಹಗಲಿರುಳೂ ಅದನ್ನು ತಡೆಯುತ್ತಿರುತ್ತವೆ. ವಯಸ್ಸಾದಂತೆ ಆ ಕಾವಲು ಸಡಿಲವಾಗುತ್ತದೆ. ಈ ಕಾಯಿಲೆಗಳು ಹೆಚ್ಚಾಗಿ ಇಳಿವಯಸ್ಸಿನಲ್ಲೇ ಕಾಣಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ನರಕೋಶಕ್ಕೆ ಹೆಚ್ಚು ಪೆಟ್ಟು ಕೊಡುವುದು ಬೆಳೆದು ನಿಂತ ಎಳೆಯಲ್ಲ, ಅದಕ್ಕೂ ಮುಂಚಿನ ಪುಟ್ಟ ಗುಂಪುಗಳು ಎಂಬುದಕ್ಕೆ ಬಲವಾದ ಪುರಾವೆಗಳಿವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್ ಮುಖ್ಯವಾಗಿ ಇನ್ನೂ ಕರಗಿರುವ ಇಂಥ ಎಳಸು ರೂಪಗಳನ್ನು ಹಿಡಿಯುವ ಆಲ್ಝೈಮರ್ ಔಷಧ. 18 ತಿಂಗಳ ಪ್ರಯೋಗದಲ್ಲಿ ಅದು ರೋಗಿಗಳ ಕುಸಿತವನ್ನು 27% ನಿಧಾನಗೊಳಿಸಿತು. ನಿಲ್ಲಿಸಲಿಲ್ಲ; ಕೆಲವರಲ್ಲಿ ಮಿದುಳಿನ ಊತ, ರಕ್ತಸ್ರಾವವೂ ಕಂಡಿತು. ಮರೆವು ಶುರುವಾಗುವ ಹದಿನೈದು ವರ್ಷಕ್ಕೂ ಮೊದಲೇ ಬೀಟಾ ಅಮಿಲಾಯ್ಡ್ ಶೇಖರವಾಗತೊಡಗಿರುತ್ತದೆ. ಅಷ್ಟು ತಡವಾಗಿ ಕೊಟ್ಟ ಔಷಧದಿಂದ ಇಷ್ಟಾದರೂ ಆಯಿತಲ್ಲ ಎಂದು ನಾನು ಅದನ್ನು ಗೌರವದಿಂದಲೇ ನೋಡುತ್ತೇನೆ.

ಟೌ ವಿಷಯದಲ್ಲಿ ದೊಡ್ಡ ತಿರುವು 2017ರಲ್ಲಿ ಬಂತು. ಕೇಂಬ್ರಿಡ್ಜ್‌ನ ಎಂಆರ್‌ಸಿ (ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ) ಆಣ್ವಿಕ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಶೋರ್ಸ್ ಷೆರೆಸ್ ಮತ್ತು ಮಿಷೆಲ್ ಗೋಡರ್ಟ್ ಅವರ ತಂಡಗಳು, ತೀರಿಕೊಂಡ ಆಲ್ಝೈಮರ್ ರೋಗಿಯೊಬ್ಬರ ಮಿದುಳಿನಿಂದ ತೆಗೆದ ಟೌ ಎಳೆಗಳನ್ನು ಮಾದರಿಯನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದವು. ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಮಡಿಕೆ ಸ್ಪಷ್ಟವಾಗಿ ಕಂಡಿತು. ಮುಂದಿನ ವರ್ಷಗಳಲ್ಲಿ ಮಿದುಳನ್ನು ಸವೆಸುವ ಪಿಕ್ಸ್ ಕಾಯಿಲೆ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದ ಬಾಕ್ಸರ್‌ಗಳಂಥವರ ಕಾಯಿಲೆ, ಹೀಗೆ ಒಂದೊಂದನ್ನೇ ನೋಡುತ್ತ ಹೋದಾಗ ಪ್ರೋಟೀನು ಅದೇ ಟೌ, ಮಡಿಕೆ ಮಾತ್ರ ಬೇರೆ ಬೇರೆ. ಆದರೆ ಒಂದೇ ಕಾಯಿಲೆಯ ಬೇರೆ ಬೇರೆ ರೋಗಿಗಳಲ್ಲಿ ಮಡಿಕೆ ಒಂದೇ.

ಇದು ಪ್ರಯೋಗಾಲಯಗಳಿಗೂ ಪೆಟ್ಟು ಕೊಟ್ಟಿತು. ಟೌ ಎಳೆಗಳನ್ನು ಬೇಗ ಕಟ್ಟಿಸಲು ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ನನ್ನೇ ವರ್ಷಗಟ್ಟಲೆ ಬಳಸಲಾಗುತ್ತಿತ್ತು. ಹಾಗೆ ಕಟ್ಟಿದ ಎಳೆಗಳ ರಚನೆ ರೋಗಿಯ ಮಿದುಳಿನದ್ದಕ್ಕೆ ಹೊಂದುವುದಿಲ್ಲವೆಂದು 2019ರಲ್ಲಿ ಗೊತ್ತಾಯಿತು. ಟೌ ಪ್ರೋಟೀನಿನ ಒಂದು ತುಂಡನ್ನು ತೆಗೆದುಕೊಂಡು, ದ್ರಾವಣದ ಲವಣಗಳನ್ನು ಬದಲಿಸುತ್ತ, ಆಲ್ಝೈಮರ್‌ನ ಮಡಿಕೆಯನ್ನೇ ಕೊಳವೆಯಲ್ಲಿ ಪಡೆಯುವ ದಾರಿಯನ್ನು ಕೇಂಬ್ರಿಡ್ಜ್ ತಂಡ 2022ರಲ್ಲಿ ಪ್ರಕಟಿಸಿತು. ಎಳೆ ಕಟ್ಟುವುದನ್ನು ತಡೆಯಬಲ್ಲ ಅಣುಗಳನ್ನು ಈಗ ಕಾಯಿಲೆಯ ನಿಜವಾದ ಮಡಿಕೆಯ ಎದುರೇ ಪರೀಕ್ಷಿಸಬಹುದು.