ಚಿನ್ನದ ಸಂಬಳ ಕೇಳಿದ ಮೇಷ್ಟ್ರು, ಪೇಪರ್ ಎಣಿಸುವ ಕುಲಪತಿ

1876. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೊಸದೊಂದು ವಿಶ್ವವಿದ್ಯಾಲಯ ಶುರುವಾಗುತ್ತಿತ್ತು. ಗಣಿತ ಕಲಿಸೋಕೆ ಇಂಗ್ಲೆಂಡಿನಿಂದ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಅವರನ್ನು ಕರೆದರು. ಅವರಿಗೆ ಆಗಲೇ ಅರವತ್ತು ದಾಟಿತ್ತು. ನಿವೃತ್ತರಾಗಿ ಕೆಲವು ವರ್ಷಗಳೇ ಆಗಿದ್ದವು. ಬರ್ತೀನಿ ಅಂದರು, ಆದರೆ ವರ್ಷಕ್ಕೆ 5,000 ಡಾಲರ್ ಸಂಬಳ ಕೊಡಬೇಕು, ಅದೂ ಚಿನ್ನದಲ್ಲೇ. ಇದು ಸುಮ್ನೆ ಹಟವಲ್ಲ. ಅಂತರ್ಯುದ್ಧದ ಕಾಲದಲ್ಲಿ ಅಚ್ಚಾದ ಅಮೆರಿಕದ ನೋಟಿಗೆ ಆಗಿನ್ನೂ ಚಿನ್ನದಷ್ಟು ಬೆಲೆ ಇರಲಿಲ್ಲ. ಗಣಿತದ ಮೇಷ್ಟ್ರಿಗೆ ಈ ಲೆಕ್ಕ ಗೊತ್ತಿರದೆ ಇರುತ್ತಾ?

ವಿಶ್ವವಿದ್ಯಾಲಯದ ಹೆಸರು ಜಾನ್ಸ್ ಹಾಪ್ಕಿನ್ಸ್. ಅದರ ಮೊದಲ ಅಧ್ಯಕ್ಷ ಡೇನಿಯಲ್ ಕೋಯ್ಟ್ ಗಿಲ್ಮನ್ ಈ ಷರತ್ತಿಗೆ ಒಪ್ಪಿದರು. ದೊಡ್ಡ ಕಟ್ಟಡ ಆಮೇಲೆ ಕಟ್ಟಿದರಾಯಿತು, ಮೊದಲು ಒಳ್ಳೆಯ ಜನ ಬೇಕು ಅನ್ನೋದು ಅವರ ದಾರಿ. ಶುರುವಿಗೆ ಆರಿಸಿದ್ದು ಬರೀ ಆರು ಪ್ರೊಫೆಸರ್‌ಗಳನ್ನು.

ಆ ಆರರಲ್ಲಿ ಹೆನ್ರಿ ರೋಲೆಂಡ್ ಎಂಬ ಹುಡುಗನ ಕತೆ ಇನ್ನೂ ಸ್ವಾರಸ್ಯದ್ದು. ವಯಸ್ಸು ಮೂವತ್ತೂ ಆಗಿರಲಿಲ್ಲ, ಕೆಲಸವೂ ಚಿಕ್ಕದು. ಅಯಸ್ಕಾಂತದ ಬಗ್ಗೆ ಬರೆದ ಪ್ರಬಂಧವನ್ನು ಅವನ ದೇಶದ ಜರ್ನಲ್ ವಾಪಸ್ ಕಳಿಸಿತ್ತು. ಹುಡುಗ ಅದನ್ನು ನೇರ ಬ್ರಿಟನ್ನಿಗೆ, ಹೆಸರಾಂತ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ಗೆ ಕಳಿಸಿದ. ಮ್ಯಾಕ್ಸ್‌ವೆಲ್ ಓದಿ, ಮೆಚ್ಚಿ, 1873ರಲ್ಲಿ ಅಲ್ಲಿನ ಜರ್ನಲ್‌ನಲ್ಲಿ ಅಚ್ಚಾಗುವಂತೆ ನೋಡಿಕೊಂಡರು. ಮ್ಯಾಕ್ಸ್‌ವೆಲ್ ಬರೆದ ಪತ್ರಗಳನ್ನು ನೋಡಿದ ಗಿಲ್ಮನ್‌ಗೆ ಅಷ್ಟು ಸಾಕಾಯಿತು. ಅಚ್ಚಾದ ಪೇಪರ್‌ಗಳನ್ನು ಎಣಿಸುವ ಇವತ್ತಿನ ಅರ್ಜಿ ಫಾರಂನಲ್ಲಿ ಈ ಹುಡುಗ ಮೊದಲ ಸುತ್ತೂ ದಾಟುತ್ತಿರಲಿಲ್ಲ ಅಂತ ನನಗೆ ಅನುಮಾನ.

ವಿಶ್ವವಿದ್ಯಾಲಯದ ಮುಖ್ಯಸ್ಥರ ಕೆಲಸ ಯಾವಾಗಲೂ ಹೀಗೆ ಸಂಶೋಧಕರನ್ನು ಹುಡುಕಿ ತರುವುದೇ ಆಗಿತ್ತು ಅಂದುಕೊಳ್ಳಬೇಡಿ. ಮಧ್ಯಯುಗದ ಬೊಲೋನ್ಯಾದಲ್ಲಿ ರೆಕ್ಟರ್ ಆಗುತ್ತಿದ್ದವರು ವಿದ್ಯಾರ್ಥಿಗಳೇ! ಅದು ವಿದ್ಯಾರ್ಥಿಗಳ ಸಂಘ. ಮೇಷ್ಟ್ರು ಅವರಿಗೆ ವಿಧೇಯನಾಗಿರುತ್ತೇನೆ ಅಂತ ಪ್ರಮಾಣ ಮಾಡಬೇಕಿತ್ತು. ಪಾಠಕ್ಕೆ ತಡವಾಗಿ ಬಂದರೆ ದಂಡ. ಪ್ಯಾರಿಸ್‌ನಲ್ಲಿ ಉಲ್ಟಾ, ಅಲ್ಲಿ ಸಂಘ ಮೇಷ್ಟ್ರುಗಳದ್ದು. ಆದರೆ ಅಲ್ಲೂ ರೆಕ್ಟರ್ ಗದ್ದುಗೆ ಕೆಲವೇ ತಿಂಗಳದ್ದು. ಎರಡೂ ಕಡೆ ಮುಖ್ಯಸ್ಥ ಅಂದರೆ ಜಗಳ ಬಿಡಿಸುವ, ಸಂಘದ ಹಕ್ಕು ಕಾಯುವ ಆಳು. ಸಂಶೋಧನೆಯ ಉಸಾಬರಿ ಅವರಿಗೆ ಇರಲಿಲ್ಲ.

ಏಕೆಂದರೆ ಸಂಶೋಧನೆ ವಿಶ್ವವಿದ್ಯಾಲಯದ ಕೆಲಸ ಅಂತ ಯಾರೂ ಅಂದುಕೊಂಡೇ ಇರಲಿಲ್ಲ. ಇದ್ದ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದೇ ಕೆಲಸ. ಹೊಸದನ್ನು ಹುಡುಕುವವರಿಗೆ 1660ರ ಲಂಡನ್ನಿನ ರಾಯಲ್ ಸೊಸೈಟಿ, 1666ರ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಂಥ ಬೇರೆ ಮನೆಗಳಿದ್ದವು.

ಎರಡನ್ನೂ ಒಂದೇ ಸೂರಿನಡಿ ತರುವ ಮಾತು ಗಟ್ಟಿಯಾಗಿ ಕೇಳಿದ್ದು 1810ರ ಬರ್ಲಿನ್‌ನಲ್ಲಿ. ಅದರ ಹಿಂದಿದ್ದವರು ಆಗ ಪ್ರಷ್ಯಾ ಸರ್ಕಾರದಲ್ಲಿ ಶಿಕ್ಷಣ ನೋಡಿಕೊಳ್ಳುತ್ತಿದ್ದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್. ಮೇಷ್ಟ್ರೂ ಶಿಷ್ಯನೂ ಇಬ್ಬರೂ ಇನ್ನೂ ಉತ್ತರ ಸಿಗದ ಪ್ರಶ್ನೆಯ ಮುಂದೆ ಕೂತಿರಬೇಕು ಅನ್ನುವುದು ಅವರ ಕಲ್ಪನೆ. ತಮಾಷೆ ಎಂದರೆ ಅಲ್ಲಿ ಪಾಠ ಶುರುವಾಗುವ ಹೊತ್ತಿಗೆ ಹಂಬೋಲ್ಟ್ ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟಾಗಿತ್ತು. ಚುನಾಯಿತರಾದ ಮೊದಲ ರೆಕ್ಟರ್, ತತ್ವಜ್ಞಾನಿ ಫಿಕ್ಟೆ, ವಿದ್ಯಾರ್ಥಿಗಳ ಶಿಸ್ತಿನ ವಿಷಯದಲ್ಲಿ ಸಹೋದ್ಯೋಗಿಗಳ ಜೊತೆ ಕಿತ್ತಾಡಿಕೊಂಡು 1812ರಲ್ಲಿ ರೆಕ್ಟರ್ ಹುದ್ದೆ ಬಿಟ್ಟರು. ಒಳ್ಳೆಯ ವಿದ್ವಾಂಸ ಒಳ್ಳೆಯ ಆಡಳಿತಗಾರನಾಗುತ್ತಾನಾ ಅನ್ನೋ ಪ್ರಶ್ನೆಗೂ ಸರಿಸುಮಾರು ಅಷ್ಟೇ ವಯಸ್ಸು.

ಹಾಪ್ಕಿನ್ಸ್ ಇದೇ ಜರ್ಮನ್ ಮಾದರಿಯನ್ನು ಅಮೆರಿಕಕ್ಕೆ ತಂದಿತು. ಮುಂದಿನ ದೊಡ್ಡ ತಿರುವು ಎರಡನೇ ಮಹಾಯುದ್ಧ. ರಾಡಾರ್, ಅಣುಬಾಂಬು ಕಂಡ ಮೇಲೆ ಸರ್ಕಾರಕ್ಕೆ ಪ್ರಯೋಗಾಲಯದ ಬೆಲೆ ಗೊತ್ತಾಯಿತು. ಮೂಲವಿಜ್ಞಾನಕ್ಕೆ ಸರ್ಕಾರವೇ ದುಡ್ಡು ಹಾಕಬೇಕು ಅಂತ 1945ರಲ್ಲಿ ಅಮೆರಿಕದ ಯುದ್ಧಕಾಲದ ಸಂಶೋಧನೆಯ ಮುಖ್ಯಸ್ಥ ವ್ಯಾನಿವರ್ ಬುಷ್ ವರದಿ ಕೊಟ್ಟರು. 1950ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹುಟ್ಟಿತು. ಅಲ್ಲಿಂದ ಮೇಷ್ಟ್ರು ತಮ್ಮ ಗ್ರಾಂಟ್ ತಾವೇ ತರತೊಡಗಿದರು. ದುಡ್ಡು ತಂದವರು ಮುಖ್ಯಸ್ಥರ ಮಾತು ಯಾಕೆ ಕೇಳುತ್ತಾರೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲರ್ಕ್ ಕೆರ್ 1963ರ ಉಪನ್ಯಾಸಗಳಲ್ಲಿ ಇದನ್ನೇ ಕುಟುಕಿದರು: ವಿಶ್ವವಿದ್ಯಾಲಯ ಅಂದರೆ ತಂತಮ್ಮ ವ್ಯವಹಾರ ನಡೆಸುವ ಪ್ರೊಫೆಸರ್‌ಗಳ ಗುಂಪು, ಅವರನ್ನು ಒಟ್ಟಾಗಿ ಹಿಡಿದಿಟ್ಟಿರುವುದು ಪಾರ್ಕಿಂಗ್ ಬಗ್ಗೆ ಇರುವ ದೂರು ಮಾತ್ರ! ಆದರೆ ಮುಖ್ಯಸ್ಥರ ಕುರ್ಚಿ ಎಷ್ಟು ಅಲುಗಾಡುತ್ತೆ ಅಂತ ಕೆರ್ ಸ್ವತಃ ಕಂಡರು. ವಿದ್ಯಾರ್ಥಿ ಚಳವಳಿಗಳ ಗದ್ದಲದ ನಂತರ 1967ರಲ್ಲಿ ಆಡಳಿತ ಮಂಡಳಿ ಅವರನ್ನು ಕಿತ್ತುಹಾಕಿತು.

ಪೇಪರ್‌ಗಳ ಉಲ್ಲೇಖ ಎಣಿಸುವ ಪದ್ಧತಿ ಬಂದದ್ದು ಈ ಹೊತ್ತಿಗೇ. ಯೂಜೀನ್ ಗಾರ್ಫೀಲ್ಡ್ ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ತೋರಿಸುವ ಸೂಚಿಯನ್ನು 1964ರಲ್ಲಿ ತಂದರು. ಅದರ ಬೆನ್ನಿಗೇ ಬೆಳೆದದ್ದು ಇಂಪ್ಯಾಕ್ಟ್ ಫ್ಯಾಕ್ಟರ್. ಲೆಕ್ಕ ಸುಲಭ. ಒಂದು ಜರ್ನಲ್ ಕಳೆದ ಎರಡು ವರ್ಷದಲ್ಲಿ 100 ಪ್ರಬಂಧ ಹಾಕಿದೆ ಅನ್ನಿ. ಈ ವರ್ಷ ಅವಕ್ಕೆ ಒಟ್ಟು 300 ಉಲ್ಲೇಖ ಬಂದರೆ ಫ್ಯಾಕ್ಟರ್ 3. ಆ ಮುನ್ನೂರರಲ್ಲಿ ಇನ್ನೂರೈವತ್ತು ನಾಲ್ಕೈದು ಪ್ರಬಂಧಗಳಿಗೇ ಹೋಗಿರಬಹುದು. ಉಳಿದವುಗಳಲ್ಲಿ ಎಷ್ಟನ್ನೋ ಯಾರೂ ಮುಟ್ಟಿಲ್ಲದೆಯೂ ಇರಬಹುದು. ಆದರೂ ಅಲ್ಲಿ ಬರೆದ ಎಲ್ಲರೂ ‘ಮೂರರ ಜರ್ನಲ್’ನವರೇ. ಯಾವ ಜರ್ನಲ್ ಗಮನಿಸಬೇಕು, ಲೈಬ್ರರಿಗೆ ಯಾವುದನ್ನು ತರಿಸಬೇಕು ಅಂತ ತಿಳಿಯಲು ಬಳಸಬಹುದಾದ ಸಂಖ್ಯೆ ಇದು. ಮನುಷ್ಯರನ್ನು ಅಳೆಯಲಿಕ್ಕಲ್ಲ.

ಅದೇ ಸಂಖ್ಯೆ ಮನುಷ್ಯರ ಮೇಲೆ ಯಾಕೆ ಬಂದು ಕೂತಿತು? ಬ್ರಿಟನ್ ನೋಡಿದರೆ ಕಾರಣ ಅರ್ಥವಾಗುತ್ತೆ. 1980ರ ದಶಕದಲ್ಲಿ ಅಲ್ಲಿ ಅನುದಾನಕ್ಕೆ ಕತ್ತರಿ ಬಿತ್ತು. ಇರುವ ದುಡ್ಡನ್ನು ಯಾರಿಗೆ ಹಂಚಬೇಕು? 1985ರಲ್ಲಿ ಉದ್ಯಮಿ ಅಲೆಕ್ಸ್ ಜಾರೆಟ್ ನೇತೃತ್ವದ ಸಮಿತಿ, ಕುಲಪತಿ ಬರೀ ವಿದ್ವಾಂಸರ ಮುಂದಾಳಲ್ಲ, ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಕೂಡ ಅಂತ ಹೇಳಿತು. ಮರುವರ್ಷವೇ ದೇಶದ ವಿಶ್ವವಿದ್ಯಾಲಯಗಳ ಸಂಶೋಧನೆಗೆ ದರ್ಜೆ ಕೊಡುವ ಮೊದಲ ಪರೀಕ್ಷೆ ನಡೆಯಿತು. ಆ ಪರೀಕ್ಷೆಯಲ್ಲಿ ತಜ್ಞರೇ ಮೌಲ್ಯಮಾಪನ ಮಾಡುತ್ತಿದ್ದರು, ಅದನ್ನು ಒಪ್ಪೋಣ. ಆದರೆ ದರ್ಜೆಗೆ ದುಡ್ಡು ಅಂಟಿಕೊಂಡ ಮೇಲೆ ಪ್ರತಿ ವಿಭಾಗವೂ ಮೊದಲೇ ತನ್ನ ಜನರನ್ನು ತೂಗಿ ನೋಡತೊಡಗಿತು. ತೂಗಲು ಕೈಗೆ ಸಿಕ್ಕ ತಕ್ಕಡಿ ಸಂಖ್ಯೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ಪದ್ಧತಿ ಚಿನ್ನದಂಥದ್ದೇನೂ ಅಲ್ಲ. ಸಿಲ್ವೆಸ್ಟರ್ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1837ರಲ್ಲಿ ಎರಡನೆಯವರಾಗಿ ಬಂದಿದ್ದರು. ಆದರೂ ಪದವಿ ಕೊಡಲಿಲ್ಲ. ಅವರು ಯಹೂದಿ, ಇಂಗ್ಲೆಂಡಿನ ಚರ್ಚಿನ ನಂಬಿಕೆಗೆ ಪ್ರಮಾಣ ಮಾಡುವಂತಿರಲಿಲ್ಲ. ಪರಿಚಯ, ಪತ್ರ, ಶಿಫಾರಸಿನ ಮೇಲೆ ನಡೆಯುವ ಲೋಕದಲ್ಲಿ ಒಬ್ಬ ಗಿಲ್ಮನ್ ಇದ್ದರೆ, ತಮ್ಮವರನ್ನೇ ತುಂಬಿಕೊಳ್ಳುವವರು ಹತ್ತು ಜನ. ಪರಿಚಯವಿಲ್ಲದವರಿಗೆ ಸಂಖ್ಯೆಯೇ ಜಾಸ್ತಿ ನ್ಯಾಯ ಅನ್ನಿಸಿದರೆ ತಪ್ಪೇನಿಲ್ಲ.

ಸಂಖ್ಯೆ ಪೂರ್ತಿ ಬೀದಿಗೆ ಬಂದದ್ದು 2003ರಲ್ಲಿ. ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿಗಿಂತ ಎಷ್ಟು ಹಿಂದಿವೆ ಅಂತ ತಿಳಿಯಲು ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದವರು ಒಂದು ಪಟ್ಟಿ ಮಾಡಿದರು. ಮರುವರ್ಷದಿಂದ ಅದರಲ್ಲಿ ಶೇ 30ರಷ್ಟು ಅಂಕ ಹಳೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಗೆದ್ದ ನೊಬೆಲ್ ಹಾಗೂ ಗಣಿತದ ಫೀಲ್ಡ್ಸ್ ಪದಕಗಳಿಗೆ. ಪಾಠ ಹೇಗಿದೆ ಅನ್ನೋದಕ್ಕೆ ಬೇರೆ ಅಳತೆ ಇರಲಿಲ್ಲ. ಎಲ್ಲ ದೇಶದ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು. ಫಜೀತಿಯಾದದ್ದು ಮತ್ತೆ ಬರ್ಲಿನ್‌ನಲ್ಲೇ. ನಗರ ಹೋಳಾದ ಕಾಲದಲ್ಲಿ ಹಳೆಯ ವಿಶ್ವವಿದ್ಯಾಲಯ ಪೂರ್ವಕ್ಕೆ ಉಳಿದಿತ್ತು. ಪಶ್ಚಿಮದಲ್ಲಿ 1948ರಲ್ಲಿ ಫ್ರೀ ಯೂನಿವರ್ಸಿಟಿ ಶುರುವಾಗಿತ್ತು. ಯುದ್ಧಕ್ಕೆ ಮುಂಚಿನ ನೊಬೆಲ್‌ಗಳು, ಐನ್‌ಸ್ಟೈನ್‌ರದ್ದೂ ಸೇರಿ, ಯಾರ ಲೆಕ್ಕಕ್ಕೆ? ಅಣ್ಣತಮ್ಮಂದಿರ ಆಸ್ತಿ ಜಗಳದ ಹಾಗೆ ಇದು ಎಳೆದಾಡಿತು. ಪಟ್ಟಿ ಮಾಡುವವರು ಕೆಲವು ವರ್ಷ ಇಬ್ಬರನ್ನೂ ಹೊರಗಿಟ್ಟರು.

ತಿರುಗಿ ಬೀಳುವುದೂ ಶುರುವಾಗಿದೆ. ಜರ್ನಲ್‌ನ ಸಂಖ್ಯೆಯಿಂದ ವ್ಯಕ್ತಿಯನ್ನು ಅಳೆಯಬೇಡಿ ಅಂತ 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಘೋಷಣೆ ಸಿದ್ಧಪಡಿಸಿದರು. 2020ರಲ್ಲಿ ಚೀನಾ ಸರ್ಕಾರವೇ ಪೇಪರ್‌ಗೆ ಇಂತಿಷ್ಟು ಅಂತ ಬಹುಮಾನದ ಹಣ ಕೊಡುವುದಕ್ಕೆ ತಡೆ ಹಾಕಿತು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕಾತಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದಿಲ್ಲ ಎಂದಿತು. 2023ರಲ್ಲಿ ಒಂದು ಪ್ರಮುಖ ರ್‍ಯಾಂಕಿಂಗ್‌ಗೆ ಮಾಹಿತಿ ಕೊಡುವುದನ್ನೂ ನಿಲ್ಲಿಸಿತು. ಮರುವರ್ಷ ಜ್ಯೂರಿಕ್ ವಿಶ್ವವಿದ್ಯಾಲಯವೂ ಅದೇ ದಾರಿ ಹಿಡಿಯಿತು.

ಇಂಥ ಕಡೆ ಅರ್ಜಿಯ ರೂಪವೂ ಬದಲಾಗುತ್ತಿದೆ. ನೂರು ಪೇಪರ್‌ಗಳ ಪಟ್ಟಿ ಬೇಡ, ನಿಮ್ಮ ಮುಖ್ಯವಾದ ಮೂರೋ ನಾಲ್ಕೋ ಕೆಲಸ ಹೇಳಿ, ಅದರಿಂದ ಏನಾಯಿತು ಅಂತ ವಿವರಿಸಿ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ಹುದ್ದೆಗೆ ಇನ್ನೂರು ಅರ್ಜಿ ಬಂದರೆ ಮೇಜಿನ ಮೇಲೆ ಆರುನೂರೋ ಎಂಟುನೂರೋ ಪ್ರಬಂಧ. ಆಯ್ಕೆ ಸಮಿತಿಯಲ್ಲಿ ಇರೋದು ಐದಾರು ಜನ. ಅವರಿಗೂ ಪಾಠ ಇದೆ, ಗ್ರಾಂಟ್ ಅರ್ಜಿ ಇದೆ, ಪಿಎಚ್‌ಡಿ ಹುಡುಗರಿದ್ದಾರೆ. ಓದುವುದಕ್ಕೆ ಅಂತ ಅವರಿಗೆ ಒಂದು ವಾರ ಬಿಡುವು ಕೊಡುವ ಅಧಿಕಾರ ಕುಲಪತಿಗಳ ಕೈಯಲ್ಲೇ ಇದೆ.