ಬಾರ್ ದಾಟುವ ಪಠ್ಯಗೆರೆ: ಲಿಲಿಪಾಂಡ್‌ನಲ್ಲಿ ದೋಷ ಹುಡುಕುವ ಬಗೆ

ಪಾಶ್ಚಾತ್ಯ ಸ್ವರಲಿಪಿಯ ಪುಟದಲ್ಲಿ ‘ರಿಟ್.’ ಎಂಬ ಬರಹವೂ ಅದರ ಮುಂದೆ ಎರಡು ಮೂರು ಬಾರ್‌ಗಳವರೆಗೆ (ಬಾರ್ ಎಂದರೆ ಎರಡು ಲಂಬಗೆರೆಗಳ ನಡುವಿನ ಎಣಿಕೆಯ ಅಳತೆ) ಸಾಗುವ ತುಂಡುಗೆರೆಯೂ ಇರುವುದನ್ನು ನೋಡಿರುತ್ತೀರಿ. ಲಯ ಎಲ್ಲಿಂದ ಎಲ್ಲಿಯವರೆಗೆ ನಿಧಾನವಾಗಬೇಕು ಎಂದು ನುಡಿಸುವವರಿಗೆ ತಿಳಿಸುವುದು ಆ ಗೆರೆ. ಅದು ಒಂದು ಬಾರ್ ಮೊದಲೇ ನಿಂತರೆ ನುಡಿಸುವವರೂ ಒಂದು ಬಾರ್ ಮೊದಲೇ ಮೂಲ ಲಯಕ್ಕೆ ಮರಳುತ್ತಾರೆ. ಹಾಗಾಗಿ ಸ್ವರವನ್ನು ಬರೆಯುವಷ್ಟೇ ಎಚ್ಚರದಿಂದ ಇದನ್ನೂ ಬರೆಯಬೇಕು. ಈ ಟಿಪ್ಪಣಿಯಲ್ಲಿ ಇದನ್ನು ‘ಪಠ್ಯಗೆರೆ’ ಎಂದು ಕರೆಯುತ್ತೇನೆ. ತಂತ್ರಾಂಶದ ಮಾತಿನಲ್ಲಿ ಇದು ಟೆಕ್ಸ್ಟ್ ಸ್ಪ್ಯಾನರ್.

ನಾನು ಕಲಿತದ್ದು ಲಿಲಿಪಾಂಡ್‌ನಲ್ಲಿ. ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಝೆನ್ 1996ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ಸಂಗೀತವನ್ನು ಪಠ್ಯವಾಗಿ ಬರೆಯುತ್ತೇವೆ, ಪುಟವನ್ನು ಅದು ಅಚ್ಚುಕಟ್ಟಾಗಿ ಜೋಡಿಸಿಕೊಡುತ್ತದೆ. ಇಲ್ಲಿ ಆದೇಶಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಕಡತದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ, ನಡುವೆ ತೆರಪು ಬಿಡದೆ, ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ ಟೈಪ್ ಮಾಡಬೇಕು. ಮೊದಲ ಪದ ಸಣ್ಣಕ್ಷರದಿಂದಲೂ ನಂತರದ ಪದಗಳು ದೊಡ್ಡಕ್ಷರದಿಂದಲೂ ಶುರುವಾಗುತ್ತವೆ. ‘ನ್ಯೂ ವಾಯ್ಸ್’ನಲ್ಲಿ ಮಾತ್ರ ಎರಡು ಪದಗಳ ನಡುವೆ ತೆರಪು ಬೇಕು.

ಬರೆಯುವ ಕ್ರಮ ಸರಳ. ಗೆರೆ ಶುರುವಾಗುವ ಸ್ವರದ ನಂತರವೇ ‘ಸ್ಟಾರ್ಟ್ ಟೆಕ್ಸ್ಟ್ ಸ್ಪ್ಯಾನ್’, ಮುಗಿಯುವ ಸ್ವರದ ನಂತರ ‘ಸ್ಟಾಪ್ ಟೆಕ್ಸ್ಟ್ ಸ್ಪ್ಯಾನ್’. ಒಟ್ಟಿಗೆ ನುಡಿಯುವ ಸ್ವರಗುಚ್ಛವಿದ್ದರೆ ಇವು ಅದನ್ನು ಸುತ್ತುವ ಕೋನಾವರಣ ಮುಚ್ಚಿದ ಮೇಲೆ ಬರಬೇಕು, ಒಳಗಲ್ಲ. ಈ ಎರಡು ಸೂಚನೆಗಳ ನಡುವೆ ಗೆರೆ ಎಳೆಯುತ್ತಿದ್ದೇನೆ ಎಂಬುದನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕಲ್ಲ? ಲಿಲಿಪಾಂಡ್‌ನಲ್ಲಿ ಆ ಕೆಲಸ ಟೆಕ್ಸ್ಟ್ ಸ್ಪ್ಯಾನರ್ ಎನ್‌ಗ್ರೇವರ್ ಎಂಬ ಭಾಗದ್ದು. ಅದು ವಾಸಿಸುವುದು ವಾಯ್ಸ್‌ನಲ್ಲಿ (ಎಂದರೆ ಒಂದು ಸ್ವರಸಾಲಿನಲ್ಲಿ), ಸ್ಟಾಫ್‌ನಲ್ಲಲ್ಲ (ಎಂದರೆ ಸ್ವರಗಳನ್ನು ಬರೆಯುವ ಐದು ಗೆರೆಗಳ ಪಟ್ಟಿಯಲ್ಲಲ್ಲ). ಪ್ರತಿ ವಾಯ್ಸ್‌ಗೂ ತನ್ನದೇ ಎನ್‌ಗ್ರೇವರ್ ಇರುತ್ತದೆ, ಪಕ್ಕದ ವಾಯ್ಸ್‌ನಲ್ಲಿ ಏನು ನಡೆಯುತ್ತಿದೆ ಎಂಬುದು ಅದಕ್ಕೆ ತಿಳಿಯದು. ನನ್ನ ಅನುಭವದಲ್ಲಿ ಪಠ್ಯಗೆರೆಯ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಗೆರೆ ಕಾಣೆಯಾದಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಆರಂಭ ಮತ್ತು ಅಂತ್ಯ ಒಂದೇ ವಾಯ್ಸ್‌ನಲ್ಲಿ ಇವೆಯೇ?

ಒಂದು ಪಿಯಾನೋ ರಚನೆಯನ್ನು ಬರೆಯುತ್ತಿದ್ದಾಗ ಇದು ನನಗೆ ಮನದಟ್ಟಾಯಿತು. ಬಲಗೈ ಮೊದಲ ಎರಡು ಬಾರ್‌ಗಳಲ್ಲಿ ಒಂದೇ ಸ್ವರಸಾಲು, ಮೂರನೆಯ ಬಾರ್‌ನಿಂದ ಎರಡು. ಎರಡನೆಯ ಬಾರ್‌ನಲ್ಲಿ ‘ರಿಟ್.’ ಶುರು ಮಾಡಿ ನಾಲ್ಕನೆಯ ಬಾರ್‌ನ ಮೇಲಿನ ಸಾಲಿನಲ್ಲಿ ಮುಗಿಸಿದ್ದೆ. ಪುಟದಲ್ಲಿ ಗೆರೆಯೂ ಇಲ್ಲ, ‘ರಿಟ್.’ ಎಂಬ ಬರಹವೂ ಇಲ್ಲ. ಎರಡು ಎಚ್ಚರಿಕೆಗಳು ಮಾತ್ರ ಬಂದಿದ್ದವು: ಪಠ್ಯಗೆರೆ ಮುಗಿದಿಲ್ಲ ಎಂದು ಒಂದು, ಪಠ್ಯಗೆರೆಯ ಆರಂಭ ಸಿಗುತ್ತಿಲ್ಲ ಎಂದು ಇನ್ನೊಂದು. ಆರಂಭವೂ ಇದೆ, ಅಂತ್ಯವೂ ಇದೆ, ಎರಡನ್ನೂ ಕಣ್ಣಾರೆ ನೋಡುತ್ತಿದ್ದೇನೆ, ಆದರೂ ಈ ದೂರು ಏಕೆ ಎಂದು ಬಹಳ ಹೊತ್ತು ಕುಳಿತೆ. ಕಾರಣ ಇಷ್ಟೇ: ಎರಡು ಸಾಲುಗಳನ್ನು ಬೇರ್ಪಡಿಸಲು ನಾನು ಜೋಡಿ ಬ್ಯಾಕ್‌ಸ್ಲ್ಯಾಶ್ ಬಳಸಿದ್ದೆ. ಆ ಚಿಹ್ನೆ ಎರಡೂ ಸಾಲುಗಳಿಗೆ ಹೊಸ ವಾಯ್ಸ್ ಸೃಷ್ಟಿಸುತ್ತದೆ. ಗೆರೆ ಆರಂಭಿಸಿದ ಮೂಲ ವಾಯ್ಸ್ ಆ ಹೊತ್ತಿಗೆ ಹಿನ್ನೆಲೆಗೆ ಸರಿದಿರುತ್ತದೆ. ಅಂತ್ಯದ ಸೂಚನೆ ತಲುಪಿದ್ದು ಗೆರೆಯ ಸುದ್ದಿಯೇ ಗೊತ್ತಿಲ್ಲದ ಬೇರೊಂದು ವಾಯ್ಸ್‌ಗೆ.

ಪರಿಹಾರ ಹೀಗೆ. ಜೋಡಿ ಬ್ಯಾಕ್‌ಸ್ಲ್ಯಾಶ್ ತೆಗೆದುಬಿಡಿ. ಮೇಲಿನ ಸಾಲನ್ನು ‘ವಾಯ್ಸ್ ಒನ್’ ಎಂಬ ಆದೇಶದೊಂದಿಗೆ ಮೂಲ ವಾಯ್ಸ್‌ನಲ್ಲಿಯೇ ಮುಂದುವರಿಸಿ, ಕೆಳಗಿನ ಸಾಲಿಗೆ ಮಾತ್ರ ‘ನ್ಯೂ ವಾಯ್ಸ್’ ಕೊಟ್ಟು ‘ವಾಯ್ಸ್ ಟೂ’ ಹಾಕಿ. ಎರಡೂ ಸೇರುವಲ್ಲಿ ‘ಒನ್ ವಾಯ್ಸ್’ ಬರೆಯಿರಿ. ಮೇಲಿನ ಸಾಲು ಎಲ್ಲಿಯೂ ತುಂಡಾಗದೆ ಇರುವುದರಿಂದ ಗೆರೆಯೂ ತುಂಡಾಗುವುದಿಲ್ಲ.

ಇದೇ ದೋಷ ಬೇರೆ ವೇಷದಲ್ಲಿಯೂ ಬರುತ್ತದೆ. ದೊಡ್ಡ ರಚನೆಯನ್ನು ಭಾಗಗಳಾಗಿ ಒಡೆದು ಪ್ರತಿಯೊಂದನ್ನೂ ಒಂದು ಹೆಸರಿನಲ್ಲಿ ಇಡುತ್ತೇವೆ. ಪ್ರತಿ ಭಾಗವನ್ನೂ ‘ನ್ಯೂ ವಾಯ್ಸ್’ ಒಳಗೆ ಸುತ್ತಿಟ್ಟರೆ ಒಂದು ಭಾಗದಲ್ಲಿ ಶುರುವಾದ ಗೆರೆ ಮುಂದಿನ ಭಾಗಕ್ಕೆ ದಾಟುವುದಿಲ್ಲ. ಎರಡು ವಾದ್ಯಗಳನ್ನು ಒಂದೇ ಸ್ಟಾಫ್‌ನಲ್ಲಿ ಕೂಡಿಸುವ ‘ಪಾರ್ಟ್ ಕಂಬೈನ್’ ಇನ್ನೂ ಸೂಕ್ಷ್ಮ. ಸ್ವರಗಳು ಕೂಡಿದಾಗ ಒಂದು ವಾಯ್ಸ್‌ಗೂ ಬೇರೆಯಾದಾಗ ಮತ್ತೊಂದಕ್ಕೂ ಅದು ಅವನ್ನು ಕಳುಹಿಸುತ್ತದೆ, ಗೆರೆಯ ಎರಡು ತುದಿಗಳು ಬೇರೆ ಬೇರೆ ಕಡೆ ಬೀಳುವ ಅಪಾಯವಿದೆ.

ಎಚ್ಚರಿಕೆಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಇಂಥ ಎಚ್ಚರಿಕೆಗಳು ಕಡತದ ಹೆಸರು, ಸಾಲು, ಕಾಲಂ ಸಂಖ್ಯೆಗಳೊಂದಿಗೆ ಬರುತ್ತವೆ. ‘ಮುಗಿದಿಲ್ಲ’ ಎಂಬುದು ಮಾತ್ರ ಬಂದರೆ ಅಂತ್ಯವನ್ನು ಬರೆಯಲು ಮರೆತಿರುವ ಸಾಧ್ಯತೆ ಹೆಚ್ಚು. ಆಗ ಲಿಲಿಪಾಂಡ್ ಅರ್ಧ ಗೆರೆಯನ್ನು ಉಳಿಸುವುದಿಲ್ಲ, ಇಡೀ ಗೆರೆಯನ್ನೇ ತೆಗೆದುಹಾಕುತ್ತದೆ. ‘ಮುಗಿದಿಲ್ಲ’ ಮತ್ತು ‘ಆರಂಭ ಸಿಗುತ್ತಿಲ್ಲ’ ಜೊತೆಯಾಗಿ ಬಂದರೆ ವಾಯ್ಸ್ ಬದಲಾಗಿದೆ ಎಂದು ಅನುಮಾನಿಸಿ. ‘ಪಠ್ಯಗೆರೆ ಈಗಾಗಲೇ ಇದೆ’ ಎಂದರೆ ಒಂದು ಮುಗಿಯುವ ಮೊದಲೇ ಅದೇ ವಾಯ್ಸ್‌ನಲ್ಲಿ ಇನ್ನೊಂದನ್ನು ಶುರು ಮಾಡಿದ್ದೀರಿ.

ಎರಡು ಗೆರೆಗಳು ಒಂದರ ಮೇಲೊಂದು ಓಡಲೇಬೇಕಾದಾಗ, ಉದಾಹರಣೆಗೆ ಮೇಲೆ ‘ರಿಟ್.’, ಅದರೊಂದಿಗೇ ತಂತಿವಾದ್ಯಕ್ಕೆ ಬೋ ಎಲ್ಲಿ ಆಡಬೇಕೆಂಬ ಸೂಚನೆ, ಆಗ ಎರಡನೆಯದನ್ನು ಸಮಾನಾಂತರ ವಾಯ್ಸ್‌ಗೆ ಸಾಗಿಸಬೇಕು. ಆ ವಾಯ್ಸ್‌ನಲ್ಲಿ ಸ್ವರ ಬೇಡ, ‘ಎಸ್’ ಅಕ್ಷರದಿಂದ ಬರೆಯುವ ಅದೃಶ್ಯ ವಿರಾಮಗಳು ಸಾಕು. ಅವು ಕಾಲವನ್ನು ಮಾತ್ರ ತುಂಬುತ್ತವೆ, ಪುಟದಲ್ಲಿ ಏನೂ ಅಚ್ಚಾಗುವುದಿಲ್ಲ. ಲಯಕ್ಕೆ ಸಂಬಂಧಿಸಿದ ಗೆರೆಗಳನ್ನೆಲ್ಲ ಇಂಥ ಒಂದು ಪ್ರತ್ಯೇಕ ಸಾಲಿನಲ್ಲಿ ಇಡುವುದನ್ನೇ ನಾನು ಈಗ ರೂಢಿ ಮಾಡಿಕೊಂಡಿದ್ದೇನೆ. ಸ್ವರಗಳನ್ನು ತಿದ್ದುವಾಗ ಗೆರೆಗಳಿಗೆ ಧಕ್ಕೆಯಾಗುವುದಿಲ್ಲ. ಪಿಯಾನೋದ ಎರಡು ಸ್ಟಾಫ್‌ಗಳ ನಡುವೆ ಗೆರೆ ಬೇಕಿದ್ದರೆ ‘ಡೈನಾಮಿಕ್ಸ್’ ಎಂಬ ಸಂದರ್ಭದಲ್ಲಿ (ಕಾಂಟೆಕ್ಸ್ಟ್, ವಾಯ್ಸ್‌ನಂಥದೇ ಒಂದು ನೆಲೆ) ಇದೇ ಅದೃಶ್ಯ ವಿರಾಮಗಳನ್ನು ಬರೆಯಬಹುದು.

ಅದೃಶ್ಯ ವಿರಾಮ ಇನ್ನೊಂದು ಕಡೆಯೂ ಕೈಹಿಡಿಯುತ್ತದೆ. ನಾಲ್ಕು ಎಣಿಕೆಯ ಬಾರ್ ತುಂಬ ಒಂದೇ ಪೂರ್ಣಸ್ವರ ಇದೆ ಎಂದುಕೊಳ್ಳಿ. ನಿಧಾನವಾಗುವುದು ಆ ಬಾರ್‌ನ ಕೊನೆಯವರೆಗೆ. ಅಂತ್ಯದ ಸೂಚನೆಯನ್ನು ಪೂರ್ಣಸ್ವರಕ್ಕೆ ಅಂಟಿಸಿದರೆ ಗೆರೆ ಬಾರ್‌ನ ಆರಂಭದಲ್ಲಿಯೇ, ಸ್ವರದ ತಲೆಯ ಬಳಿ, ನಿಂತುಬಿಡುತ್ತದೆ. ಮುಂದಿನ ಬಾರ್‌ನ ಮೊದಲ ಸ್ವರಕ್ಕೆ ಅಂಟಿಸಿದರೆ ಬಾರ್ ಗೆರೆಯನ್ನು ದಾಟಿ ‘ಆ ಟೆಂಪೋ’ (ಮೂಲ ಲಯಕ್ಕೆ ಮರಳಿ) ಎಂಬ ಬರಹಕ್ಕೆ ಹೋಗಿ ತಾಗುತ್ತದೆ. ಸೂಚನೆ ಅಂಟುವುದು ಒಂದು ಕ್ಷಣಕ್ಕೆ, ಪೂರ್ಣಸ್ವರಕ್ಕೆ ಇರುವುದು ಆರಂಭದ ಒಂದೇ ಕ್ಷಣ. ಆದ್ದರಿಂದ ಸಮಾನಾಂತರವಾಗಿ ಮೂರು ಎಣಿಕೆಯ ಅದೃಶ್ಯ ವಿರಾಮ, ನಂತರ ಒಂದು ಎಣಿಕೆಯದು ಬರೆದು ಆ ಕೊನೆಯದಕ್ಕೆ ಅಂತ್ಯ ಕೊಡಿ. ನೆನಪಿರಲಿ, ಆರಂಭವೂ ಅದೇ ಅದೃಶ್ಯ ಸಾಲಿನಲ್ಲಿ ಇರಬೇಕು. 2022ರ ಡಿಸೆಂಬರ್‌ನಲ್ಲಿ ಬಂದ 2.24 ಆವೃತ್ತಿಯಲ್ಲಿ ‘ಆಫ್ಟರ್’ ಎಂಬ ಆದೇಶ ಇರುವುದರಿಂದ ಕೆಲಸ ಇನ್ನೂ ಹಗುರ: ಆಫ್ಟರ್, ಎಷ್ಟು ಕಾಲದ ನಂತರ, ಯಾವ ಸೂಚನೆ, ಕೊನೆಗೆ ಸ್ವರ, ಈ ಕ್ರಮದಲ್ಲಿ ಬರೆದರೆ ಸಮಾನಾಂತರ ವಾಯ್ಸ್ ಇಲ್ಲದೆಯೇ ಸ್ವರದ ನಡುವೆ ಗೆರೆ ನಿಲ್ಲುತ್ತದೆ.

ಧ್ವನಿ ಕ್ರಮೇಣ ಏರಬೇಕೆಂದು ಹೇಳುವ ಕ್ರೆಶೆಂಡೋ ಬಾಣಗೆರೆ ಇಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಬಾರ್‌ನ ಮೊದಲ ಸ್ವರದಲ್ಲಿ ಅದನ್ನು ಮುಗಿಸಿದರೆ ಲಿಲಿಪಾಂಡ್ ತಾನಾಗಿಯೇ ಹಿಂದಿನ ಬಾರ್ ಗೆರೆಯ ಬಳಿ ನಿಲ್ಲಿಸುತ್ತದೆ. ಅದನ್ನು ನೋಡಿ ಪಠ್ಯಗೆರೆಯೂ ಹಾಗೆಯೇ ಎಂದು ಭಾವಿಸಬಾರದು.

ಇನ್ನು ಮೌನವಾಗಿ ಕಾಡುವ ದೋಷಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಎಚ್ಚರಿಕೆಯೂ ಬರುವುದಿಲ್ಲ, ಬರೆದ ಬದಲಾವಣೆ ಪುಟದಲ್ಲಿ ಕಾಣುವುದೂ ಇಲ್ಲ. ಸೂಚನೆಯ ಹೆಸರು ‘ಸ್ಪ್ಯಾನ್’ ಎಂದು ಮುಗಿದರೆ, ‘ಓವರ್‌ರೈಡ್’ ಮಾಡಬೇಕಾದ, ಎಂದರೆ ಆ ಆದೇಶದಿಂದ ರೂಪ ಬದಲಿಸಬೇಕಾದ, ವಸ್ತುವಿನ ಹೆಸರು ‘ಟೆಕ್ಸ್ಟ್ ಸ್ಪ್ಯಾನರ್’, ಎರಡು ಪದಗಳೂ ದೊಡ್ಡಕ್ಷರದಿಂದ. ‘ಕ್ರೆಶ್.’ ಎಂದು ಬರಹವಾಗಿ ಬರುವ ಗೆರೆ ಕಣ್ಣಿಗೆ ಪಠ್ಯಗೆರೆಯಂತೆಯೇ ಕಂಡರೂ ಅದು ‘ಡೈನಾಮಿಕ್ ಟೆಕ್ಸ್ಟ್ ಸ್ಪ್ಯಾನರ್’ ಎಂಬ ಬೇರೆ ವಸ್ತು. ಒಂದರ ಶೈಲಿಯನ್ನು ಎಷ್ಟು ಬದಲಿಸಿದರೂ ಇನ್ನೊಂದು ಕದಲುವುದಿಲ್ಲ. ಒಂದು ಸ್ಥಾಯಿ ಮೇಲೆ ನುಡಿಸಲು ಹೇಳುವ ಒಟ್ಟಾವಾ, ಟ್ರಿಲ್‌ನ ಅಲೆಗೆರೆ, ಇವೂ ಬೇರೆ ಬೇರೆ ವಸ್ತುಗಳೇ. ಹಾಗೆಯೇ ಓವರ್‌ರೈಡ್ ಆರಂಭದ ಸ್ವರಕ್ಕಿಂತ ಮೊದಲು ಬರಬೇಕು. ಸ್ವರದ ನಂತರ ಬರೆದರೆ ಆ ಹೊತ್ತಿಗೆ ಗೆರೆ ಹುಟ್ಟಿಯಾಗಿರುತ್ತದೆ, ಬದಲಾವಣೆ ಮುಂದಿನ ಗೆರೆಗೆ ಹೋಗುತ್ತದೆ.

ಪುಟದಲ್ಲಿ ಸಾಲು ಮುರಿದು ಸಂಗೀತ ಮುಂದಿನ ಸಾಲಿಗೆ ಹೋಗುವಲ್ಲಿ ಆಗುವ ತೊಂದರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗೆರೆಯ ತುದಿಗಳ ವಿವರ ‘ಬೌಂಡ್ ಡೀಟೇಲ್ಸ್’ ಎಂಬ ಗುಣದಲ್ಲಿರುತ್ತದೆ. ಅದರಲ್ಲಿ ಎಡ, ಬಲ ಎಂಬ ಎರಡು ವಿಭಾಗಗಳಲ್ಲದೆ ‘ಲೆಫ್ಟ್ ಬ್ರೋಕನ್’, ‘ರೈಟ್ ಬ್ರೋಕನ್’ ಎಂಬ ಇನ್ನೆರಡು ಇವೆ: ಸಾಲು ಮುರಿದಾಗ ಹೊಸ ಸಾಲಿನ ಎಡತುದಿ ಮತ್ತು ಹಳೆಯ ಸಾಲಿನ ಬಲತುದಿ. ಮುರಿದ ತುದಿ ತನ್ನದೆಂದು ಬೇರೆ ಹೇಳದಿದ್ದರೆ ಮೂಲ ತುದಿಯ ವಿವರವನ್ನೇ ಪಡೆದುಕೊಳ್ಳುತ್ತದೆ. ಅದಕ್ಕಾಗಿಯೇ ‘ರಿಟ್.’ ಹೊಸ ಸಾಲಿನ ಆರಂಭದಲ್ಲಿ ಮತ್ತೆ ಅಚ್ಚಾಗುತ್ತದೆ, ಓದುವವರಿಗೆ ಎರಡನೆಯ ಸಲ ನಿಧಾನಿಸಲು ಹೇಳಿದಂತಾಗುತ್ತದೆ. ಬಲತುದಿಗೆ ಕೆಳಮುಖದ ಕೊಕ್ಕೆ ಕೊಟ್ಟಿದ್ದರೆ ಇನ್ನೂ ಕೆಟ್ಟದು: ಸಾಲಿನ ಕೊನೆಯಲ್ಲಿಯೇ ಕೊಕ್ಕೆ ಬಿದ್ದು ಗೆರೆ ಅಲ್ಲಿಗೇ ಮುಗಿಯಿತು ಎಂಬ ಸುಳ್ಳು ಸೂಚನೆ ಸಿಗುತ್ತದೆ. ಲೆಫ್ಟ್ ಬ್ರೋಕನ್‌ನ ಬರಹಕ್ಕೆ ‘ಇಲ್ಲ’ ಎಂಬ ಬೆಲೆ, ಎಂದರೆ ಎರಡು ಹ್ಯಾಶ್ ಮತ್ತು ಎಫ್, ಕೊಟ್ಟರೆ ಮರುಮುದ್ರಣ ನಿಲ್ಲುತ್ತದೆ. ರೈಟ್ ಬ್ರೋಕನ್‌ಗೂ ಅದೇ. ಆದರೆ ಎಡಗಡೆ ಪೂರ್ತಿ ಖಾಲಿ ಬಿಡುವುದಕ್ಕಿಂತ ಆವರಣದೊಳಗೆ ‘(ರಿಟ್.)’ ಎಂದು ಬರೆಯುವುದು ನನಗೆ ಇಷ್ಟ. ಪುಟ ತಿರುವಿ ನೇರ ಹೊಸ ಸಾಲಿಗೆ ಬಂದವರಿಗೆ ಈ ಗೆರೆ ಯಾವುದರ ಮುಂದುವರಿಕೆ ಎಂದು ತಿಳಿಯುತ್ತದೆ.

ಬರಹ ಮಾತ್ರ ಬಂದು ಗೆರೆ ಬಾರದಿದ್ದರೆ ಎರಡು ತುದಿಗಳ ನಡುವೆ ಜಾಗವೇ ಇಲ್ಲ ಎಂದರ್ಥ. ಕನಿಷ್ಠ ಉದ್ದವನ್ನು ಹೇಳುವ ‘ಮಿನಿಮಮ್ ಲೆಂತ್’ ಒಂದನ್ನೇ ಹಾಕಿದರೆ ಪಠ್ಯಗೆರೆಯಲ್ಲಿ ಏನೂ ಆಗದು. ‘ಸ್ಪ್ರಿಂಗ್ಸ್ ಅಂಡ್ ರಾಡ್ಸ್’ ಗುಣಕ್ಕೆ ಅಂತರ ಹೊಂದಿಸುವ ಕಾರ್ಯವನ್ನೂ ಜೋಡಿಸಿದಾಗ ಮಾತ್ರ ಸ್ವರಗಳು ದೂರ ಸರಿದು ಜಾಗ ಬಿಡುತ್ತವೆ. ಗೆರೆ ಬೇರೆ ಬರಹದ ಮೇಲೋ ಕೆಳಗೋ ತಪ್ಪಾಗಿ ಕುಳಿತರೆ ‘ಔಟ್‌ಸೈಡ್ ಸ್ಟಾಫ್ ಪ್ರಯಾರಿಟಿ’ ನೋಡಿ. ಸಂಖ್ಯೆ ಚಿಕ್ಕದಾದಷ್ಟೂ ಸ್ಟಾಫ್‌ಗೆ ಹತ್ತಿರ: ಪಠ್ಯಗೆರೆಗೆ 350, ಒಟ್ಟಾವಾಗೆ 400, ಬಿಡಿ ಬರಹಕ್ಕೆ 450.

ಮರಳಿ ನುಡಿಸುವ ಭಾಗಗಳಲ್ಲಿ ಕಲಿಯುವವರು ದಾರಿ ತಪ್ಪುವುದು ಸಹಜ. ಕಿವಿಗೆ ಸಂಗೀತ ಎರಡು ಸಲ ಬರುತ್ತದೆ, ಆದರೆ ಗೆರೆ ಬರೆದ ಕ್ರಮದಲ್ಲಿ ಒಂದೇ ಸಲ ಸಾಗುತ್ತದೆ. ಇಂಥ ಭಾಗಕ್ಕೆ ಮೊದಲ ಸಲ ನುಡಿಸಲು ಒಂದು ಕೊನೆ, ಎರಡನೆಯ ಸಲಕ್ಕೆ ಇನ್ನೊಂದು ಕೊನೆ ಇರುವುದುಂಟು. ಮುಖ್ಯ ಭಾಗದಲ್ಲಿ ಶುರುವಾದ ಗೆರೆಯನ್ನು ಮೊದಲ ಕೊನೆಯಲ್ಲಿ ಮುಗಿಸಿದರೆ ಎರಡನೆಯ ಕೊನೆಗೆ ಬರುವಾಗ ಮುಗಿಸಲು ಗೆರೆಯೇ ಉಳಿದಿರುವುದಿಲ್ಲ. ಅಲ್ಲಿಯೂ ಅಂತ್ಯ ಬರೆದಿದ್ದರೆ ‘ಆರಂಭ ಸಿಗುತ್ತಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಎರಡನೆಯ ಕೊನೆಯ ಮೊದಲ ಸ್ವರದಲ್ಲಿ ಆವರಣದ ಬರಹದೊಂದಿಗೆ ಹೊಸ ಗೆರೆಯನ್ನೇ ಆರಂಭಿಸಬೇಕು.

ಮ್ಯೂಸ್‌ಸ್ಕೋರ್ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಅಲ್ಲಿ ಗೆರೆಯ ತುದಿಯನ್ನು ಆರಿಸಿ ಬರೀ ಬಾಣದ ಕೀಲಿ ಒತ್ತಿದರೆ ಸರಿಯುವುದು ಗೆರೆಯ ಚಿತ್ರ, ಶಿಫ್ಟ್ ಜೊತೆಗೆ ಒತ್ತಿದರೆ ಬದಲಾಗುವುದು ಅದು ಯಾವ ಸ್ವರಕ್ಕೆ ಅಂಟಿಕೊಂಡಿದೆ ಎಂಬುದು. ಪುಟದ ಅಳತೆ ಬದಲಿಸಿದಾಗ ಗೆರೆ ಎಲ್ಲೆಲ್ಲಿಗೋ ಹೋದರೆ ಮೊದಲಿನ ರೀತಿಯಲ್ಲಿ ಸರಿಸಿದ್ದೀರಿ ಎಂದು ತಿಳಿಯಿರಿ.

ಅಭ್ಯಾಸಕ್ಕೆ ಒಂದು ಚಿಕ್ಕ ಕಡತ ಮಾಡಿ. ಎಂಟು ಬಾರ್, ನಾಲ್ಕರ ನಂತರ ಸಾಲು ಮುರಿಯಲಿ, ಆರನೆಯ ಬಾರ್ ಪೂರ್ಣಸ್ವರವಾಗಿರಲಿ, ಮೂರರಿಂದ ಎರಡು ವಾಯ್ಸ್ ಇರಲಿ. ಎರಡನೆಯ ಬಾರ್‌ನಿಂದ ಆರನೆಯ ಬಾರ್‌ನ ಕೊನೆಯವರೆಗೆ ಗೆರೆ ಎಳೆಯಿರಿ. ಮೊದಲು ಬೇಕೆಂದೇ ಜೋಡಿ ಬ್ಯಾಕ್‌ಸ್ಲ್ಯಾಶ್ ಹಾಕಿ ಎಚ್ಚರಿಕೆಗಳು ಹೇಗೆ ಬರುತ್ತವೆ ನೋಡಿ, ಆಮೇಲೆ ಒಂದೊಂದಾಗಿ ಸರಿಪಡಿಸುತ್ತ, ಪ್ರತಿ ಸಲವೂ ಪುಟವನ್ನು ಮತ್ತೆ ಅಚ್ಚು ಮಾಡಿಸಿ ಹೋಲಿಸಿ.